ಎರಡನೇ ಸೂಜಿ

ನನ್ನ ಪುಸ್ತಕದಂಗಡಿಗೂ ಗೆಳೆಯನ ಟೇಲರ್ ಅಂಗಡಿಗೂ ನಡುವೆ ಒಂದೇ ಗೋಡೆ. ಗೋಡೆಯಾಚೆ ಹೊಲಿಗೆ ಮಿಷನ್ನಿನ ಸದ್ದಿಲ್ಲದೆ ತಿಂಗಳಾಯಿತು. ಅವನನ್ನು ಒಯ್ದದ್ದು ಹೃದಯಾಘಾತ, ನಾನಿಲ್ಲಿ ಹೇಳುವ ಕಾಯಿಲೆಯಲ್ಲ.

ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗೆ ಅವನು, "ಸಡಿಲ ಬಿಡಿ ಸ್ವಾಮಿ, ಪ್ಯಾಂಟು ಹಾಕಿಕೊಂಡ ಮೇಲೂ ಉಸಿರಾಡಬೇಕಲ್ಲ" ಎನ್ನುತ್ತಿದ್ದ.

ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದವನಿಗೆ ಲಿವರಿನಲ್ಲಿ ಕೊಬ್ಬು ಕೂತಿದೆ, ಗಾಯದ ಕಲೆಯೂ ಶುರುವಾಗಿದೆ ಎಂದರು ಡಾಕ್ಟರು. "ಕುಡಿಯದೆಯೇ ಕುಡುಕನ ಹೆಸರು ಬಂತು ನೋಡು" ಎಂದು ನಕ್ಕರೂ ಒಳಗೊಳಗೇ ಹೆದರಿದ್ದ. ಕುಡಿಯದವರಿಗೂ ಬರುವ ಈ ಕಾಯಿಲೆ ನಡಿಗೆಯಿಂದ, ಹಿತಮಿತ ಊಟದಿಂದ ಹಿಮ್ಮೆಟ್ಟುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ಸೇರಿಕೊಂಡ. ಪಕ್ಕೆಗೆ ಸೂಜಿ ಚುಚ್ಚಿ ಲಿವರಿನಿಂದ ದಾರದೆಳೆಯಷ್ಟು ಚೂರು ತೆಗೆದರು. ಕೊನೆಯಲ್ಲಿ ಮತ್ತೊಮ್ಮೆ ತೆಗೆದು ಎರಡನ್ನೂ ಹೋಲಿಸಬೇಕಿತ್ತು.

ನರ್ಸ್ ಸೊಂಟಕ್ಕೆ ಟೇಪು ಸುತ್ತಿದಾಗ ನಮ್ಮ ಟೇಲರ್ ಹೊಟ್ಟೆ ಒಳಗೆಳೆದುಕೊಂಡನಂತೆ. "ಸಡಿಲ ಬಿಡಿ ಅಣ್ಣಾ" ಎಂದಳಂತೆ ಆಕೆ. "ಕಳ್ಳನ ಮನೆಗೇ ಕನ್ನ ಕಣೋ" ಎಂದು ವಾರವಿಡೀ ನಕ್ಕ.

ದಿನಾ ಬೆಳಗ್ಗೆ ನಡೆದ. ನನ್ನನ್ನೂ ಕರೆಯುತ್ತಿದ್ದ, ನಾನು ಮಂಡಿನೋವಿನ ನೆಪ ಹೇಳಿ ಮಲಗುತ್ತಿದ್ದೆ. ಎರಡು ವರ್ಷದಲ್ಲಿ ತನ್ನ ಪ್ಯಾಂಟುಗಳ ಹೊಲಿಗೆಯನ್ನೆಲ್ಲ ತಾನೇ ಬಿಚ್ಚಿ ಸೊಂಟ ಚಿಕ್ಕದು ಮಾಡಿಕೊಂಡ. ಆಗ ಎರಡನೇ ಸೂಜಿಗೆ ಕರೆ ಬಂತು. ನಾನು ಅಲ್ಲಿ ಕೂತಿರುವಾಗಲೇ ಅವನ ಹೆಂಡತಿ ಅಂಗಡಿಗೇ ಬಂದು ಕತ್ತರಿ ಕಿತ್ತುಕೊಂಡಳು.

"ಗುಂಡುಕಲ್ಲಿನ ಹಾಗಿದ್ದೀರಿ. ಹೋದ ಸಲ ರಕ್ತ ಸೋರಿ ಆಸ್ಪತ್ರೆಯಲ್ಲೇ ಉಳಿಸಿಕೊಂಡದ್ದು ಮರೆತುಹೋಯ್ತಾ? ಬೇಡ ಅಂದರೆ ಬಿಡ್ತೀವಿ ಅಂತ ಡಾಕ್ಟರೇ ಹೇಳಿದ್ದಾರಲ್ರೀ."

"ಗುಣವಾಗಿದೆ ಅಂತ ನಾವು ಅಂದುಕೊಂಡರೆ ಆಯ್ತೇನೇ? ಮುಂದೆ ಬರೋರಿಗೆ ಗೊತ್ತಾಗಬೇಕಲ್ಲ. ಹೊಲಿದದ್ದನ್ನ ತೊಡಿಸಿ ನೋಡದೆ ಯಾರಿಗಾದರೂ ಕೊಟ್ಟಿದೀನಾ?"

"ಅಣ್ಣಾ, ನೀವಾದರೂ ಬುದ್ಧಿ ಹೇಳಿ" ಎಂದು ಅವಳು ನನ್ನತ್ತ ತಿರುಗಿದಳು.

"ಹೋಗಬೇಡ ಕಣೋ" ಎಂದೆ.

"ಬೆಳಗ್ಗೆ ಏಳೋಕಾಗದವನು ನನಗೆ ಬುದ್ಧಿ ಹೇಳ್ತಾನೆ."

ಹೋದ. ಅವಳೂ ಮುಖ ಊದಿಸಿಕೊಂಡೇ ಜೊತೆಗೆ ಹೋದಳು. ಈ ಸಲ ರಕ್ತ ಸೋರಲಿಲ್ಲ. ಕೊಬ್ಬು ಕರಗಿತ್ತು, ಕಲೆ ಮಾಸಿತ್ತು.

ಹೋದ ವಾರ ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನ್ನ ಲಿವರಿನಲ್ಲೂ ಕೊಬ್ಬಿದೆ.

"ನಡೆಯಿರಿ, ತೂಕ ಇಳಿಸಿ. ಹೆಚ್ಚಿನವರಿಗೆ ಕಡಿಮೆಯಾಗುತ್ತೆ" ಎಂದರು ಡಾಕ್ಟರು.

"ಅದು ಹೇಗೆ ಹೇಳ್ತೀರಿ?"

"ಎಷ್ಟೋ ಜನ ಎರಡೆರಡು ಸಲ ಚುಚ್ಚಿಸಿಕೊಂಡು ತೋರಿಸಿಕೊಟ್ಟಿದ್ದಾರೆ. ನಿಮಗೆ ಸದ್ಯಕ್ಕೆ ಸೂಜಿ ಬೇಕಿಲ್ಲ."

ಅವರಲ್ಲೊಬ್ಬ ನನ್ನ ಗೋಡೆಯಾಚೆ ಇದ್ದ ಎನ್ನಲು ಹೊರಟೆ. ಅಷ್ಟರಲ್ಲಿ ನರ್ಸ್ ಟೇಪು ತಂದಳು. ಅವಳು ಹೇಳುವ ಮೊದಲೇ ಹೊಟ್ಟೆ ಸಡಿಲ ಬಿಟ್ಟು ನಿಂತೆ.