ತಿಜೋರಿಗೆ ಎದೆ ಕೊಟ್ಟವನು

"ತಿಜೋರಿ ಹೊರೋದಲ್ಲಮ್ಮ, ನಡೆಸೋದು. ಹೊರ್ತೀನಿ ಅಂತ ಹೋದವನ ಸೊಂಟ ಅವತ್ತಿಗೇ ಮುಗೀತು. ವಯಸ್ಸಾದವರ ಕೈ ಹಿಡಿದು ನಡೆಸಿದ ಹಾಗೆ, ಈ ಮೂಲೆ ಒಂದು ಸಲ, ಆ ಮೂಲೆ ಒಂದು ಸಲ. ಸಮ ನೆಲ ಆದರೆ ಅಡಿಗೆ ಪೈಪು ಹಾಕಿ ಉರುಳಿಸ್ತೀವಿ. ಕಷ್ಟ ಇರೋದು ಮೆಟ್ಟಿಲಲ್ಲಿ. ಮೇಲಿನವರು ಹಗ್ಗ ಹಿಡಿದು ತಡೀಬೇಕು, ಕೆಳಗಿನವನು ಎದೆ ಕೊಟ್ಟು ಹಿಂದಹಿಂದಕ್ಕೆ ಇಳೀಬೇಕು. ಅವನಿಗೆ ಮೆಟ್ಟಿಲು ಕಾಣಲ್ಲ. ಮೇಲಿಂದ ಬರೋ ಮಾತೇ ಅವನಿಗೆ ಕಣ್ಣು. ಇಪ್ಪತ್ತೆರಡು ವರ್ಷ ನಾನು ಕೆಳಗೆ, ನಮ್ಮಣ್ಣ ಮೇಲೆ. ಬಾಯಿ ಬಿಟ್ಟರೆ ಬೈಗುಳ ಅವನದು. 'ಕಾಲಿಡೋ ಕತ್ತೆ, ಇನ್ನೂ ಮೂರಿದೆ. ಮೆಲ್ಲಗೆ ಇಳಿ, ನಿಮ್ಮಪ್ಪನ ಗಂಟೇನೂ ಓಡಿಹೋಗಲ್ಲ' ಅಂತಿದ್ದ. ನಮ್ಮಪ್ಪ ಅಂದ್ರೆ ಅವನಪ್ಪನೂ ಅಲ್ವಾ! ಈಗ ಮೇಲೆ ನಿಲ್ಲೋರು ಮರ್ಯಾದಸ್ಥರು, 'ಬನ್ನಿ, ಬನ್ನಿ' ಅಂತಾರೆ. ಆ ಮರ್ಯಾದೇಲಿ ಇನ್ನೆಷ್ಟು ಮೆಟ್ಟಿಲಿದೆ ಅಂತ ಗೊತ್ತಾಗಲ್ಲ."

ಇಷ್ಟು ಹೇಳಿ ಆತ ನನ್ನ ಮೆಟ್ಟಿಲನ್ನು ಮತ್ತೊಮ್ಮೆ ಅಳೆದ. ಎಲ್ಲರೂ ಅವನನ್ನು ಕರೆಯುವುದು ತಿಜೋರಿಯಣ್ಣ ಎಂದೇ. ಐವತ್ತು ದಾಟಿದೆ, ಎದೆ ಇನ್ನೂ ಬಾಗಿಲಿನಷ್ಟು ಅಗಲ. ನನಗೆ ಮಂಡಿ ನೋವು. ಮೇಲಿನ ಮನೆ ಬಿಟ್ಟು ಎದುರು ಸಾಲಿನಲ್ಲಿರುವ ತಂಗಿಯ ಮನೆ ಸೇರುವವಳಿದ್ದೆ. ನಮ್ಮ ಯಜಮಾನರ ಕಾಲದ ತಿಜೋರಿಯೂ ನನ್ನ ಜೊತೆಗೇ ಇಳಿಯಬೇಕಿತ್ತು. ಅದರೊಳಗೆ ಇದ್ದದ್ದು ಎರಡು ಕಂಬಳಿ. ಕಳ್ಳರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ, ಒಬ್ಬನೂ ಬಂದಿರಲಿಲ್ಲ.

"ನಿಮ್ಮಣ್ಣ ಈಗ ಯಾಕೆ ಬರಲ್ಲ?" ಎಂದು ಕೇಳಿದೆ. ನಾನು ಕೊಟ್ಟ ಟೀ ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೇಳಿದ.

ತಿಜೋರಿಯ ಬಾಗಿಲೊಂದೇ ಒಬ್ಬ ಆಳಿನ ತೂಕ ಇರುತ್ತದಂತೆ. ಹಳೆಯ ಬೀಗವನ್ನು ನಂಬುವಂತಿಲ್ಲ. ಎತ್ತುವ ಮುಂಚೆ ಸುತ್ತಲೂ ಹಗ್ಗ ಬಿಗಿದು ಗಂಟು ಹಾಕಬೇಕು. ತಮ್ಮ ಕಟ್ಟುವುದು, ಅಣ್ಣ ಜಗ್ಗಿ ನೋಡುವುದು, ಅದು ಅವರ ಪದ್ಧತಿ. ನಾಲ್ಕು ವರ್ಷದ ಹಿಂದೆ ಒಂದು ಮನೆಯ ಮೆಟ್ಟಿಲಿನ ತಿರುವಿನಲ್ಲಿ ಆ ಗಂಟು ಬಿಚ್ಚಿಕೊಂಡಿತು. ಬಾಗಿಲು ಪೂರ್ತಿ ತೆರೆದಿದ್ದರೆ ಇಡೀ ತಿಜೋರಿ ತಮ್ಮನ ಮೇಲೆ ಮಗುಚುತ್ತಿತ್ತು. ಅಣ್ಣ ಬಗ್ಗಿ ಬಲಗೈಯಿಂದ ಬಾಗಿಲನ್ನು ಒಳಕ್ಕೆ ತಳ್ಳಿದ. ಎರಡು ಬೆರಳು ಹೋದವು.

"ಆಸ್ಪತ್ರೇಲೂ ಬೈಲಿಲ್ಲಮ್ಮ. ಇವತ್ತಿನವರೆಗೂ ಒಂದು ಬೈಗುಳ ಇಲ್ಲ. ಅಂಗಡಿಗೆ ಹೋದ್ರೆ 'ಊಟ ಆಯ್ತಾ' ಅಂತಾನೆ, ತಲೆ ತಗ್ಗಿಸ್ತಾನೆ. ನನ್ನ ಗಂಟೇ ಸಡಿಲ ಆಗಿದ್ದು. ಒಂದು ಸಲ ಉಗಿದುಬಿಟ್ಟಿದ್ರೆ ನಿದ್ದೆ ಬರ್ತಿತ್ತು."

ಅಣ್ಣನದು ಈಗ ಚಿಲಕ, ಕೀಲು ಮಾರುವ ಸಣ್ಣ ಅಂಗಡಿ. ಮರುದಿನ ಚಿಲಕ ಕೊಳ್ಳುವ ನೆಪ ಮಾಡಿ ಹೋದೆ. ಗುರುವಾರ ಹತ್ತು ಗಂಟೆಗೆ ನನ್ನ ತಿಜೋರಿ ಇಳಿಯುತ್ತದೆ, ನಿಮ್ಮ ತಮ್ಮ ಕೆಳಗೆ ನಿಲ್ಲುತ್ತಾನೆ ಎಂದೆ.

"ಎಷ್ಟು ಮೆಟ್ಟಿಲು?"

"ಹದಿನೇಳು."

"ತಿರುವು?"

"ಒಂದಿದೆ."

ಅವರು ಚಿಲಕವನ್ನು ಕಾಗದದಲ್ಲಿ ಸುತ್ತಿದರು. "ಇದಕ್ಕೆ ಮೊಳೆ ಬೇಕಾ?" ಎಂದರು, ಅಷ್ಟೇ.

ಗುರುವಾರ ತಿಜೋರಿ ಮೆಟ್ಟಿಲಿನ ತುದಿಗೆ ಬಂದು ನಿಂತಿತ್ತು. ಹಗ್ಗ ಹಿಡಿಯಲು ಇಬ್ಬರು ಆಳುಗಳಿದ್ದರು. ಅಣ್ಣ ಏದುಸಿರು ಬಿಡುತ್ತಾ ಹತ್ತಿ ಬಂದರು. ಯಾರನ್ನೂ ನೋಡದೆ ನೇರ ಹೋಗಿ ಎಡಗೈಯಲ್ಲಿ ಗಂಟನ್ನು ಜಗ್ಗಿದರು. ಒಂದು ಸಲವಲ್ಲ, ನಾಲ್ಕು ಸಲ.

"ಅಮ್ಮಾ, ಗಂಟು ಸರಿಯಿದೆ ಅಂತ ಹೇಳಿ ಅವನಿಗೆ."

"ಇಲ್ಲೇ ಇದಾನಲ್ಲ, ನೀವೇ ಹೇಳಿ."

ಅವರು ಗೋಡೆ ನೋಡಿದರು. ವಿಧಿಯಿಲ್ಲದೆ ನಾನೇ ಹೇಳಿದೆ.

"ಕೇಳಿಸ್ತು ಅಂತ ಹೇಳಿ" ಎಂದ ತಮ್ಮ.

"ಇದೇನು ತಂತಿ ಆಫೀಸಾ?" ಎಂದು ಆಳುಗಳಲ್ಲೊಬ್ಬ ನಕ್ಕ. ಬೇರೆ ಯಾರೂ ನಗಲಿಲ್ಲ.

ತಿಜೋರಿ ಇಳಿಯತೊಡಗಿತು. ಅಣ್ಣ ಉಳಿದ ಮೆಟ್ಟಿಲು ಎಣಿಸುತ್ತಿದ್ದರು. "ಹದಿನಾರು. ಹದಿನೈದು." ಅಂಕಿ ಬಿಟ್ಟು ಬೇರೆ ಮಾತಿಲ್ಲ. ಕೆಳಗಿನವನ ಮುಖ ನನಗೆ ಕಾಣುತ್ತಿರಲಿಲ್ಲ, ಕಬ್ಬಿಣದ ಅಂಚಿಗೆ ಒತ್ತಿದ ಹತ್ತು ಬೆರಳು ಮಾತ್ರ ಕಾಣುತ್ತಿದ್ದವು. ತಿರುವು ಬಂತು. "ಒಂಬತ್ತು" ಎಂದರು ಅಣ್ಣ. ತಿಜೋರಿ ಅಲುಗಲಿಲ್ಲ. "ಒಂಬತ್ತು" ಎಂದು ಮತ್ತೆ ಹೇಳಿದರು. ಹಗ್ಗ ಕಿರ್ರೆಂದಿತು, ಆಳುಗಳ ತೋಳು ನಡುಗಿತು. ಅಣ್ಣನ ಬಾಯಿ ತೆರೆಯಿತು, ಮುಚ್ಚಿತು. "ಎಡಗಾಲು," ಎಂದರು ಮೆಲ್ಲಗೆ. "ಎಡಗಾಲು ಇಡಪ್ಪ." ಕಾಲು ಇಳಿಯಿತು.

ರಸ್ತೆ ದಾಟಿಸಿ, ಪೈಪಿನ ಮೇಲೆ ಉರುಳಿಸಿ, ತಂಗಿಯ ಮನೆಯ ಒಳಕೋಣೆಗೆ ತಿಜೋರಿ ಸೇರಿದಾಗ ಹನ್ನೆರಡು ದಾಟಿತ್ತು. ಆಳುಗಳು ಹೋದರು. ಅಣ್ಣ ಹೊಸಿಲಲ್ಲಿ ನಿಂತಿದ್ದರು.

"ತಿರುವಲ್ಲಿ ಬೇಕಂತಲೇ ಕಾಲು ತಡ ಮಾಡಿದೆ" ಎಂದ ತಮ್ಮ.

"ಗೊತ್ತು."

"ಆಗಲೂ ಬೈಯೋಕೆ ಬಾಯಿ ಬರಲಿಲ್ವಾ ನಿನಗೆ?"

ಅಣ್ಣ ಬಲಗೈಯನ್ನು ಜೇಬಿಗೆ ಸೇರಿಸಿದರು. "ಅವತ್ತು ಗಂಟು ಜಗ್ಗಿ ನೋಡಬೇಕಾದೋನು ನಾನು. ಟೀ ಆರುತ್ತೆ ಅಂತ ಬಿಟ್ಟೆ. ನೀನು ಸತ್ತೇಹೋಗಿರ್ತಿದ್ದೆ. ಯಾವ ಮುಖ ಇಟ್ಕೊಂಡು ಬೈಲಿ?"

ತಮ್ಮ ಹಗ್ಗ ಸುತ್ತತೊಡಗಿದ. ತಂಗಿ ಎಲ್ಲರಿಗೂ ಸೇರಿಸಿ ಅನ್ನಕ್ಕಿಟ್ಟಳು.

"ಊಟ ಮಾಡ್ಕೊಂಡು ಹೋಗಣ್ಣ" ಎಂದ ತಮ್ಮ.

"ಅಂಗಡಿ ತೆರೆದಿಟ್ಟು ಬಂದಿದೀನಿ."

"ನಾನೂ ಬರ್ತೀನಿ ಅಲ್ಲಿಗೆ. ಸಂಜೆ."

ಅಣ್ಣ ಚಪ್ಪಲಿ ಮೆಟ್ಟಿಕೊಂಡರು. ಬೀದಿಯ ಕೊನೆವರೆಗೂ ತಿರುಗಿ ನೋಡದೆ ನಡೆದರು. ತಮ್ಮ ಬಾಗಿಲ ಚೌಕಟ್ಟು ಹಿಡಿದು, ಅವರು ಮರೆಯಾದ ಮೇಲೂ ಆ ಕಡೆಗೇ ನೋಡುತ್ತಿದ್ದ. ಎಷ್ಟು ಹೊತ್ತೆಂದು ಹೇಳಲಾರೆ, ಒಲೆಯ ಮೇಲಿಟ್ಟ ಅನ್ನ ಬೆಂದಿತ್ತು.

ಹಿತ್ತಲಿನ ನಲ್ಲಿಯಲ್ಲಿ ನೀರು ಬಂತು. ಒಂದು ತಾಸು ಮಾತ್ರ ಬರುವ ನೀರು. ನಾನು ಕೊಡ ಎತ್ತಿಕೊಂಡೆ. ತಮ್ಮ ಬಂದು, "ಸಂಜೆಗೆ ಇನ್ನೂ ಹೊತ್ತಿದೆ" ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನಲ್ಲಿಯ ಅಡಿಗೆ ಇಟ್ಟ. ತುಂಬಿದ್ದನ್ನು ತಂಗಿ ಒಳಗೆ ಒಯ್ದಳು, ನಾನು ಖಾಲಿ ಬಕೆಟ್ ಮುಂದಕ್ಕೆ ತಳ್ಳಿದೆ.