ನೀ ಮಾಡು, ನಾ ನೋಡ್ತಿರ್ತೀನಿ

ಸಾಸಿವೆ ಸಿಡಿಯುವುದಕ್ಕೂ ಸೀದುಹೋಗುವುದಕ್ಕೂ ನಡುವೆ ಒಂದು ಗಳಿಗೆ ಇರುತ್ತದೆ. ಅದರ ವಾಸನೆಯೇ ಬೇರೆ. ಇವತ್ತು ಬೆಳಿಗ್ಗೆ ಶಿಕಾರಿಪುರದ ನಮ್ಮ ಮನೆಯ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತದೆಯೇ, "ಉರಿ ಸಣ್ಣ ಮಾಡಮ್ಮ" ಎಂದು ಕೂಗಿದೆ.

ಅಡುಗೆಮನೆಯಿಂದ ಸೊಸೆ ಚೈತ್ರ ಅಷ್ಟೇ ನಯವಾಗಿ ಕೇಳಿದಳು, "ಅಲ್ಲಿಂದಾನೇ ಸೂಪರ್‌ವೈಸ್ ಮಾಡ್ತಿದ್ದೀರೇನ್ರೀ ಅತ್ತೆ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಸುಮ್ಮನೆ ಬೈದಿದ್ದರೆ ಕಾಫಿ ಕುಡಿಯುವಷ್ಟರಲ್ಲಿ ಮರೆಯುತ್ತಿದ್ದೆ. ಇಂಗ್ಲಿಷ್ ಕ್ರಿಯಾಪದ ಹಾಕಿ ಬೈದರೆ ಮರೆಯುವುದು ಹೇಗೆ?

ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವುದು ಸೂಪರ್‌ವೈಸ್ ಎಂದು ನಿಘಂಟು ಹೇಳುತ್ತದೆ. ನಾನೂ ಬೋರ್ಡಿನ ಮೇಲೆ ಹಾಗೆಯೇ ಬರೆದು, ಮಕ್ಕಳ ಕೈಲಿ ಐದು ಸಲ ಬರೆಸಿದ್ದೇನೆ. ನಿಘಂಟು ಬರೆದ ಪುಣ್ಯಾತ್ಮರು ನಮ್ಮ ಕಡೆ ಬಂದವರಲ್ಲ. ಇಲ್ಲಿ ಈ ಕ್ರಿಯಾಪದಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದಿಷ್ಟು ನೆರಳು, ಹನ್ನೊಂದು ಗಂಟೆಗೆ ಒಂದು ಟೀ ಬೇಕು. ಹೋದ ವರ್ಷ ನಮ್ಮ ಬೀದಿಯಲ್ಲಿ ಚರಂಡಿ ತೋಡಿದರು. ತೋಡಿದವರು ಇಬ್ಬರು, ಕೈ ಹಿಂದೆ ಕಟ್ಟಿಕೊಂಡು ನೋಡಿದವರು ಐದು ಜನ. ಈ ಐದು ಜೊತೆ ಕಣ್ಣುಗಳ ಎದುರಿನಲ್ಲೇ ಚರಂಡಿಯ ಇಳಿಜಾರು ತಿರುವುಮುರುವಾಗಿ, ಈಗ ಇಡೀ ಬೀದಿಯ ನೀರು ನಮ್ಮ ಗೇಟಿಗೆ ಬಂದು ನಮಸ್ಕಾರ ಹಾಕುತ್ತದೆ.

ನಾನೇನು ಕಡಿಮೆ ಅಂದುಕೊಳ್ಳಬೇಡಿ. ಪರೀಕ್ಷೆಯ ಕೋಣೆಗಳಲ್ಲಿ ಸೂಪರ್‌ವೈಸರ್ ಆಗಿ ಕೂತವಳು. ಆ ಮೂರು ಗಂಟೆ ನಾನು ಮಕ್ಕಳನ್ನು ನೋಡುತ್ತಿದ್ದೇನೆ ಎಂದು ಇಲಾಖೆ ನಂಬಿತ್ತು. ನಾನು ನೋಡುತ್ತಿದ್ದದ್ದು ಗಡಿಯಾರ.

ಆದರೂ ಈ ಕ್ರಿಯಾಪದವನ್ನು ಅರೆದು ಕುಡಿದವರೆಂದರೆ ಒಂದಕ್ಷರ ಇಂಗ್ಲಿಷ್ ಬಾರದ ನನ್ನ ಅತ್ತೆ. ಆಗ ನಾವು ಸೊರಬದ ಕಡೆಯ ಜಡೆ ಎಂಬ ಹಳ್ಳಿಯಲ್ಲಿದ್ದೆವು. ನಾನು ದಿನಾ ಬಸ್ಸಿನಲ್ಲಿ ಸೊರಬದ ಶಾಲೆಗೆ ಹೋಗಿಬರುತ್ತಿದ್ದೆ. ಮದುವೆಯಾಗಿ ಹತ್ತು ಹನ್ನೆರಡು ವರ್ಷ ಅತ್ತೆ ನನ್ನನ್ನು ಒಲೆಯ ಹತ್ತಿರಕ್ಕೆ ಬಿಟ್ಟವರಲ್ಲ. ನಾನು ಮಾಡಿದ ಸಾರು ಇಂಗ್ಲಿಷ್ ಸಾರಂತೆ. ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ಸೌಟನ್ನು ನನ್ನ ಕೈಗೆ ಕೊಟ್ಟು, ಅಡುಗೆಮನೆಯ ಬಾಗಿಲ ಪಕ್ಕ ಮಣೆ ಹಾಕಿಕೊಂಡು ಕೂತರು.

"ನೀ ಮಾಡು ಟೀಚರಮ್ಮ, ನಾ ನೋಡ್ತಿರ್ತೀನಿ."

ಟೀಚರಮ್ಮ ಅನ್ನುವುದು ಊರಿನವರ ಬಾಯಲ್ಲಿ ಗೌರವ. ಅತ್ತೆಯ ಬಾಯಲ್ಲಿ ಅದು ಏನೆಂದು ಸೊಸೆಯಂದಿರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ಮೂರು ವರ್ಷ ನಾನು ಬೆಳಿಗ್ಗೆ ಮನೆಯಲ್ಲಿ ವಿದ್ಯಾರ್ಥಿನಿ, ಹತ್ತು ಗಂಟೆಯ ಮೇಲೆ ಶಾಲೆಯಲ್ಲಿ ಶಿಕ್ಷಕಿ. ಮಣೆಯಿಂದ ಪ್ರಶ್ನೆಗಳು ಬರುತ್ತಿದ್ದವು. "ರೊಟ್ಟಿ ಬಣ್ಣ ಎಂತ ಬಂತು? ಸರಿಯಾಗಿ ನೋಡಿ ಹೇಳು." "ಬೇಳೆ ಒಡೀತಾ?" ಎರಡು ಮಾರು ದೂರದಲ್ಲಿ ಕೂತು ನನ್ನನ್ನು ಕೇಳಬೇಕೇ, ಕಣ್ಣಿಲ್ಲವೇ ಇವರಿಗೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನೂ ಬಿಟ್ಟರು. ಓದಿದ ಸೊಸೆ ಇರುವಾಗ ತಾನ್ಯಾಕೆ ಆರಿಸಬೇಕಂತೆ. ಗೋಡೆಯ ಕ್ಯಾಲೆಂಡರಿನ ಕಡೆ ಗದ್ದ ತೋರಿಸಿ, "ಇವತ್ತು ಎಂತ ತಿಥಿ, ಓದು ನೋಡಣ. ಇಂಗ್ಲಿಷ್ ಕಲಿತೋರಿಗೆ ಇದೆಲ್ಲ ಬರುತ್ತೋ ಇಲ್ಲೋ" ಅನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಓದುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತ ಟೀಚರ್‌ಗೆ ಅತ್ತೆಯ ದನಿಯಲ್ಲೇ ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದೆ. ಜಡೆಯಿಂದ ಸೊರಬದವರೆಗೆ ನಗು. ನಾನು ಒಳ್ಳೆಯ ನಟಿಯಾಗಿದ್ದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅದೊಂದು ಭಾನುವಾರ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಉಪ್ಪಿನಿಂದ ಹಿಡಿದು ನನ್ನ ತವರಿನವರೆಗೆ ಅತ್ತೆ ಎಲ್ಲದರ ಪರಿಶೀಲನೆ ಮುಗಿಸಿದ್ದರು. ನನಗೆ ರೋಸಿಹೋಯಿತು. ಏನು ಬೇಕಾದರೂ ಹೇಳಿಕೊಳ್ಳಲಿ, ಉತ್ತರ ಕೊಡುವುದಿಲ್ಲ ಎಂದು ಸದ್ದಿಲ್ಲದೆ ಒಲೆಯ ಮುಂದಿನಿಂದ ಸರಿದು, ಅವರ ಮಣೆಯ ಪಕ್ಕದ ಗೋಡೆಗೆ ಒರಗಿ ನಿಂತೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಅತ್ತೆ ಒಲೆಯ ಕಡೆ ಮುಖ ಮಾಡಿಯೇ ಇದ್ದರು. "ಉರಿ ಸಣ್ಣ ಮಾಡು" ಅಂದರು. ಸ್ವಲ್ಪ ತಡೆದು, "ಬೆಲ್ಲ ಹಾಕ್ದ್ಯಾ?" ಅಂದರು. ಒಲೆಯ ಮುಂದೆ ಯಾರೂ ಇರಲಿಲ್ಲ. "ಎಂತದೇ, ಬಾಯಿಗೆ ಬೀಗ ಹಾಕ್ಕಂಡ್ಯಾ?" ನಾನು ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದೆ. ಅವರ ಬಲಗೈ ಮಣೆಯಿಂದ ಎದ್ದು, ಗಾಳಿಯಲ್ಲಿ ಏನನ್ನೋ ಹುಡುಕಿ, ಬಾಗಿಲ ಚೌಕಟ್ಟು ಸಿಕ್ಕಿದ ಮೇಲೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆಮೇಲೆ ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಕೇಳಿದರು, "ಇದೀಯೇನೇ ಅಲ್ಲಿ?"

ಅತ್ತೆಯ ಅತ್ತೆಗೆ ವಯಸ್ಸಾದ ಮೇಲೆ ಕಣ್ಣು ಹೋಗಿತ್ತಂತೆ. ಅವರನ್ನು ಜಗಲಿಯ ಮೂಲೆಯಲ್ಲಿ ಕೂರಿಸಿ, ತಟ್ಟೆ ಅಲ್ಲಿಗೇ ತಂದಿಡುತ್ತಿದ್ದರಂತೆ. ಮನೆಯಲ್ಲಿ ಏನು ಅಡುಗೆ ಮಾಡಬೇಕೆಂದು ಯಾರೂ ಅವರನ್ನು ಕೇಳುತ್ತಿರಲಿಲ್ಲ, ಮಕ್ಕಳು ಎದುರಿಗೇ ಕುರುಡಿ ಅನ್ನುತ್ತಿದ್ದರು. ಈ ಕಥೆಯನ್ನು ಅತ್ತೆ ನನಗೆ ಹತ್ತು ಸಲವಾದರೂ ಹೇಳಿದ್ದರು. ಹಳೆಯ ಕಾಲದ ಕಥೆಯೆಂದು ನಾನು ಹತ್ತು ಸಲವೂ ಆಕಳಿಸಿದ್ದೆ. ಆ ಜಗಲಿಯ ಮೂಲೆ ತಪ್ಪಿಸಿಕೊಳ್ಳಲು ಹಿಡಿದು ಕೂತ ಜಾಗ ಈ ಮಣೆ ಎಂದು ತಿಳಿಯುವುದಕ್ಕೆ, ಬಿ.ಎ., ಬಿ.ಎಡ್. ಮಾಡಿದ ನನಗೆ ಮೂರು ವರ್ಷ ಬೇಕಾಯಿತು.

"ಇದ್ದೀನಿ ಅತ್ತೆ" ಎಂದೆ. ದನಿ ಪಕ್ಕದಿಂದಲೇ ಬಂದದ್ದಕ್ಕೆ ಅವರು ಬೆಚ್ಚಿದರು. ನಾನು ಒಲೆಯ ಹತ್ತಿರ ಹೋಗಿ, ಸ್ವಲ್ಪ ಜೋರಾಗಿಯೇ, "ಬೆಲ್ಲ ಹಾಕ್ತಿದ್ದೀನಿ. ಒಗ್ಗರಣೆಗೆ ಎಣ್ಣೆ ಇಟ್ಟೆ. ಸಾಸಿವೆ ಸಿಡೀತು" ಎಂದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ಹೂಂ. ನೋಡ್ತಿದೀನಿ" ಅಂದರು.

ಗಂಡನಿಗೆ ಹೇಳಬಹುದಿತ್ತು. ಹೇಳಿದ್ದರೆ ಸಂಜೆಯೊಳಗೆ ಮನೆಯವರೆಲ್ಲ ಅವರ ಮುಖದ ಮುಂದೆ ಬೆರಳು ಆಡಿಸಿ, ಇದು ಎಷ್ಟು ಎಂದು ಕೇಳುತ್ತಿದ್ದರು. ಮೂರು ವರ್ಷ ನಾನು ಬಸ್ಸಿನಲ್ಲಿ ಆಡಿದ ಆಟವೇ ಸಾಕಾಗಿತ್ತು. ಅದಕ್ಕೇ ಶಿರಾಳಕೊಪ್ಪದಲ್ಲಿ ಕಣ್ಣಿನ ಕ್ಯಾಂಪ್ ಇದೆಯೆಂದು ಗೊತ್ತಾದ ದಿನ ನಾನೇ ಒಂದು ಸುಳ್ಳು ಹೆಣೆದೆ. ನನ್ನ ಕಣ್ಣು ಮಂಜಾಗಿದೆ, ತೋರಿಸಬೇಕು, ಒಬ್ಬಳೇ ಹೋಗುವುದಕ್ಕೆ ಭಯ ಎಂದೆ.

"ನಿನ್ನೊಬ್ಬಳನ್ನೇ ಹೆಂಗೆ ಕಳಿಸಾದು? ಡಾಕ್ಟ್ರು ಎಂತ ಮಾಡ್ತಾರೆ ಅಂತ ನೋಡಕ್ಕೆ ಯಾರಾದ್ರೂ ಬೇಕಲ್ಲ" ಎಂದು ಅತ್ತೆ ಹೊರಟೇಬಿಟ್ಟರು. ನೋಡುವುದಕ್ಕೆ ಅಂದರಲ್ಲ, ನಾನು ತುಟಿ ಕಚ್ಚಿಕೊಂಡೆ. ಕ್ಯಾಂಪಿನಲ್ಲಿ ನನ್ನ ಸರದಿ ಮುಗಿದ ಮೇಲೆ ಡಾಕ್ಟರು, ನಾನು ಮೊದಲೇ ಕಿವಿಗೆ ಹಾಕಿದ್ದಂತೆ, "ಬಂದಿದ್ದೀರಲ್ಲ ಅಜ್ಜಿ, ನೀವೂ ಕೂತ್ಕೊಳ್ಳಿ" ಅಂದರು. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಆಪರೇಷನ್ನಿಗೆ ಶಿವಮೊಗ್ಗಕ್ಕೆ ಬರಬೇಕು ಎಂದು ಚೀಟಿ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸೊರಬ ಹತ್ತಿರ ಬಂದಾಗ, "ನಿನ್ನ ಕಣ್ಣಿಗೆ ಎಂತ ಆಗಿದೆ ಅಂತ ಡಾಕ್ಟ್ರು ಹೇಳ್ಲೇ ಇಲ್ಲವಲ್ಲೇ" ಅಂದರು. ಅವರು ನನ್ನ ಕೈಯನ್ನು ತಡವಿ ಹಿಡಿದುಕೊಂಡು, ಊರು ಬರುವವರೆಗೂ ಬಿಡಲಿಲ್ಲ.

ಒಳ್ಳೆಯ ಕೆಲಸ ಮಾಡಿದವರಿಗೆ ಆಗಬೇಕಾದದ್ದೇ ನನಗೂ ಆಯಿತು. ಎರಡೂ ಕಣ್ಣಿನ ಆಪರೇಷನ್ ಮುಗಿದು, ಕಪ್ಪು ಕನ್ನಡಕ ತೆಗೆದ ದಿನ ಅತ್ತೆ ಮೊದಲು ಕಾಲಿಟ್ಟದ್ದು ಅಡುಗೆಮನೆಗೆ. ಮೂರು ವರ್ಷದ ಜಿಡ್ಡು, ಮಸಿ, ಡಬ್ಬಿಗಳ ಹಿಂದಿನ ಜೇಡರಬಲೆ ಎಲ್ಲದರ ಲೆಕ್ಕ ಒಂದು ಗಂಟೆ ನಡೆಯಿತು. "ಇದೇ ಎಣ್ಣೆ ಡಬ್ಬಿಯೇನೇ? ಹಿಡಿದ್ರೆ ಕೈ ಬಿಡಲ್ಲ ಅನ್ನುತ್ತೆ." ಇವರ ಪೊರೆ ಹಾಗೆಯೇ ಇದ್ದಿದ್ದರೆ ನನಗೆ ಎಷ್ಟು ಸುಖವಿತ್ತು ಎಂದು ಯೋಚಿಸುತ್ತಾ, ತಲೆ ತಗ್ಗಿಸಿ ಡಬ್ಬಿ ಉಜ್ಜುತ್ತಿದ್ದೆ.

ಮಾತು ನಿಂತಿತು. ನೋಡಿದರೆ ಅತ್ತೆ ನನ್ನ ಬೈತಲೆಯನ್ನೇ ನೋಡುತ್ತಿದ್ದರು.

"ಕೂದ್ಲು ಯಾವಾಗ ಬೆಳ್ಳಗಾಯ್ತೇ?"

"ಎರಡು ವರ್ಷ ಆಯ್ತು ಅತ್ತೆ."

"ನಂಗೆ ಯಾರೂ ಹೇಳ್ಲೇ ಇಲ್ಲ."

ಯಾರು ಹೇಳಬೇಕು? ಆ ಮನೆಯಲ್ಲಿ ಕಣ್ಣು ಚೆನ್ನಾಗಿದ್ದವರು ಇನ್ನೂ ಮೂವರಿದ್ದರು. ನನ್ನ ಗಂಡನೂ ಅವರಲ್ಲೊಬ್ಬರು. ಸಾರಿಗೆ ಉಪ್ಪು ಕಡಿಮೆಯಾದದ್ದು ಅವರಿಗೆ ತಿಳಿಯುತ್ತಿತ್ತು. ಕಣ್ಣು ಬಂದ ಒಂದೇ ಗಂಟೆಯಲ್ಲಿ, ಅದೂ ಬೈಯುವ ಭರದಲ್ಲಿ, ನನ್ನನ್ನು ನೋಡಿದವರು ಅತ್ತೆ ಒಬ್ಬರೇ. ನಾನು ಎಣ್ಣೆ ಡಬ್ಬಿ ಹಿಡಿದುಕೊಂಡೇ ಅತ್ತುಬಿಟ್ಟೆ. ಅತ್ತೆ, "ಡಬ್ಬಿ ಕೆಳಗಿಟ್ಟು ಅಳು" ಅಂದರು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಇವತ್ತು ಆ ಸಾಸಿವೆಯ ವಾಸನೆಯ ಜೊತೆ ಅವರು ಬಂದರು. ಬಂದವರ ಮುಂದೆ ಸುಳ್ಳು ಹೇಳಬಾರದು. ನಾನು ದಿನಾ ಹಿಡಿದು ಕೂರುವ ಆ ಪೇಪರಿನಲ್ಲಿ ದಪ್ಪ ತಲೆಬರಹ ಬಿಟ್ಟು ಉಳಿದದ್ದು ನನಗೆ ಎಂಟು ತಿಂಗಳಿಂದ ಕಾಣುತ್ತಿಲ್ಲ. ಮಾತ್ರೆಯ ಚೀಟಿಯನ್ನು ಮೊಮ್ಮಗಳ ಕೈಲಿ, "ಓದೋದು ಅಭ್ಯಾಸ ಆಗ್ಲಿ ಪುಟ್ಟಿ" ಎಂದು ಓದಿಸುತ್ತೇನೆ. ಚೈತ್ರಳಿಗೆ ದಿನಾ, ದೋಸೆ ಕೆಂಪಗಾಯಿತೇ ಸರಿಯಾಗಿ ನೋಡಿ ಹೇಳು ಅನ್ನುತ್ತೇನೆ. ಅವಳು ನನ್ನನ್ನು ಯಾರ ಮುಂದೆ ಹೇಗೆ ಅಭಿನಯಿಸಿ ತೋರಿಸುತ್ತಾಳೋ, ಚೆನ್ನಾಗಿಯೇ ತೋರಿಸುತ್ತಿರಬೇಕು.

ಪೇಪರ್ ಮಡಚಿ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. "ಚೈತ್ರ, ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಕಣಮ್ಮ" ಎಂದೆ.

ಸೌಟಿನ ಸದ್ದು ನಿಂತಿತು. "ಎಷ್ಟು ದಿನ ಆತ್ರೀ?"

"ಎಂಟು ತಿಂಗಳು."

ಅತ್ತೆ ಮೂರು ವರ್ಷ ಮುಚ್ಚಿಟ್ಟರು, ನಾನು ಎಂಟು ತಿಂಗಳು. ಮನೆತನ ಸುಧಾರಿಸುತ್ತಿದೆ. ಚೈತ್ರ ನನ್ನನ್ನು ಬೈಯಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ಒಂದು ಕುರ್ಚಿ ಎಳೆದು ಒಲೆಗೆ ಹತ್ತಿರ ಹಾಕಿದಳು. "ನಾಳೆ ಹೋಗಿ ತೋರಿಸ್ಕಂಡು ಬರೋಣ್ರೀ. ಈಗ ಕೂತ್ಕಳ್ರಿ" ಎಂದು ನನ್ನ ರಟ್ಟೆ ಹಿಡಿದು ಕೂರಿಸಿ, ಪಲ್ಯಕ್ಕೆ ಬೇರೆ ಬಾಣಲೆ ಇಟ್ಟಳು.

ಆಮೇಲೆ, ತಿರುಗಿ ನೋಡದೆಯೇ, ಸ್ವಲ್ಪ ಜೋರಾಗಿ ಹೇಳಿದಳು. "ಅತ್ತೆ, ಎಣ್ಣೆ ಕಾದೈತ್ರೀ. ಸಾಸಿವೆ ಹಾಕಿದೆ. ಈಗ ಕರಿಬೇವು."

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡೆ.

"ಹೂಂ. ನೋಡ್ತಿದ್ದೀನಿ" ಎಂದೆ.