ಗೋದಾಮಿನ ಗೋಡೆಗೆ ಇಟ್ಟ ಮೀನಿನ ತೊಟ್ಟಿ

ಕಂಪ್ಲಿಯ ತೋಟಪ್ಪ ತನ್ನ ಆಯುಷ್ಯದ ಬಹುಪಾಲನ್ನು ಅಕ್ಕಿ ಗಿರಣಿಯಲ್ಲೇ ಕಳೆದವನು. ಭತ್ತದ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಮೂಗಿನ ಹತ್ತಿರ ತಂದರೆ ಸಾಕು, ಒಣಗಿದ ಮಾಲೋ, ಹಸಿಯೋ, ಒಳಗೆ ಮುಗ್ಗು ಹಿಡಿದಿದೆಯೋ ಹೇಳಿಬಿಡುತ್ತಿದ್ದ. ಕೊರೊನಾ ಬಂದು ಆ ಮೂಗನ್ನೇ ಕಸಿದುಕೊಂಡಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅದರ ಬೆನ್ನಿಗೇ ಎದೆನೋವು ಕಾಣಿಸಿಕೊಂಡಿತು. ಇನ್ನು ಗಿರಣಿಯ ಧೂಳಿಗೆ ಹೋಗಬೇಡಿ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಗಿರಣಿ ಮಗ ಹಾಲೇಶನ ಕೈಗೆ ಹೋಯಿತು. ಮಹಡಿ ಹತ್ತುವುದು ಬೇಡವೆಂದು ತೋಟಪ್ಪನೂ ಹೆಂಡತಿ ಸಂಗಮ್ಮನೂ ಕೆಳಗಿನ ಹಿಂದಿನ ಕೋಣೆಗೆ ಬಂದರು. ಆ ಕೋಣೆಯ ಒಳಗೋಡೆಯ ಆಚೆಗೆ ಅಕ್ಕಿ ಗೋದಾಮು.

ಕೆಲಸವಿಲ್ಲದ ತೋಟಪ್ಪ ಮನೆಯವರಿಗೆಲ್ಲ ಭಾರವಾಗತೊಡಗಿದ. ಸೊಸೆ ತ್ರಿವೇಣಿ ಸಂಡೂರಿನ ಕಡೆಯವಳು, ಊರಿನ ಶಾಲೆಯಲ್ಲಿ ಟೀಚರು. ಅವಳ ತವರಿನಲ್ಲಿ ಮೀನಿನ ತೊಟ್ಟಿ ಇತ್ತು. ಅದರ ಮುಂದೆ ಕೂತರೆ ಮನಸ್ಸು ತಣ್ಣಗಾಗುತ್ತದೆ ಎಂದು ಅವಳು ಹೇಳಿದಾಗ ಮಾವ ನಕ್ಕ. ಮೀನು ಮುಟ್ಟದ ಮನೆಗೆ ಮೀನು ತರುವುದೇ ಎಂದು ಸಂಗಮ್ಮ ಮೂಗು ಮುರಿದಳು. ಆದರೂ ಒಂದು ಭಾನುವಾರ ಮೂವರೂ ಬಸ್ಸು ಹತ್ತಿ ಹೊಸಪೇಟೆಗೆ ಹೋದರು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾಗಭೂಷಣ ಎಂಬುವವನ ಮೀನಿನ ಅಂಗಡಿ. ಸಂಗಮ್ಮನಿಗೆ ಹಿಡಿಸಿದ್ದು ದುಂಡನೆಯ ಗಾಜಿನ ಬಟ್ಟಲು. ತೋಟಪ್ಪನಿಗೂ ಅದೇ ಸಾಕೆನಿಸಿತು. ನಾಗಭೂಷಣ ತಲೆಯಾಡಿಸಿದ.

"ಸಣ್ಣದಾದ್ರ ಸಸಾರ ಅನ್ಕಂತಾರ್ರಿ ಎಲ್ಲಾರೂ. ನೀರು ಕಮ್ಮಿ ಇದ್ದಷ್ಟು ಜಲ್ದಿ ಕೆಡ್ತೈತಿ. ಮೊದಲ್ನೇ ಸಲ ಇಡೋರು ದೊಡ್ಡದಾ ತಗಬೇಕು."

ಅವನು ಎರಡಡಿ ಉದ್ದದ ತೊಟ್ಟಿ ತೋರಿಸಿದ. ನೀರು ತುಂಬಿದರೆ ಎರಡಾಳು ಎತ್ತಲಾಗದಷ್ಟು ಭಾರವಾಗುತ್ತದೆ, ಗಟ್ಟಿ ಸ್ಟ್ಯಾಂಡ್ ಬೇಕು ಎಂದ. ಕಿಟಕಿಯ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ, ಒಳಗೋಡೆಗೆ ಇಡಿ ಎಂದ. ಕೋಣೆಯ ಗಾಳಿಯನ್ನು ಎಳೆದು ನೀರಿನೊಳಗೆ ಗುಳುಗುಳು ಬಿಡುವ ಸಣ್ಣ ಮೋಟಾರನ್ನು ನಡೆಸಿ ತೋರಿಸಿ, ಇದು ಹಗಲೂ ರಾತ್ರಿ ಓಡುತ್ತಿರಬೇಕು ಎಂದ. ಮೊದಲು ಬರೀ ನೀರಿಟ್ಟು ಒಂದು ವಾರ ಓಡಿಸಿ, ಆಮೇಲೆ ಬನ್ನಿ ಎಂದು ಮೀನು ಕೊಡದೆ ಕಳಿಸಿದ. ಮೀನು ಮಾರುವವನು ಮೀನು ಮಾರಲು ಒಲ್ಲೆನೆಂದದ್ದು ತೋಟಪ್ಪನಿಗೆ ಮೆಚ್ಚುಗೆಯಾಯಿತು. ಸಂಗಮ್ಮನ ಆಸೆಗೆ ಬಟ್ಟಲನ್ನೂ ಕೊಂಡರು. ಅದರಲ್ಲಿ ಒಂದೇ ಒಂದು ಫೈಟರ್ ಮೀನು ಬದುಕಬಲ್ಲದು, ಅದಕ್ಕೆ ಮೋಟಾರು ಬೇಡ ಎಂದು ನಾಗಭೂಷಣ ಹೇಳಿದ್ದ.

ತೊಟ್ಟಿ ಹಿಂದಿನ ಕೋಣೆಯ ಒಳಗೋಡೆಗೆ ಬಂತು. ಆ ಗೋಡೆಯಲ್ಲಿ ಕರೆಂಟಿನ ಪ್ಲಗ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿ, ಬೀದಿ ಕಡೆಯಿಂದ ವೈರು ಎಳೆಯುವುದಕ್ಕಿಂತ ಗೋದಾಮಿನ ಬೋರ್ಡಿನಿಂದ ತರುವುದು ಹತ್ತಿರ ಎಂದ. ಡ್ರಿಲ್ ಹಚ್ಚಿ, ಸ್ಟ್ಯಾಂಡಿನ ಹಿಂದೆ, ನೆಲದಿಂದ ಮೊಳದೆತ್ತರದಲ್ಲಿ ತೂತು ಹೊಡೆದ. ಹಳೆಯ ಇಟ್ಟಿಗೆ ಉದುರಿ ತೂತು ಮುಷ್ಟಿಯಗಲ ಆಯಿತು. ಸಿಮೆಂಟು ತಂದು ಮೆತ್ತುತ್ತೇನೆ ಎಂದು ಹೋದವನು ಬರಲಿಲ್ಲ. ತೊಟ್ಟಿ ಅಡ್ಡ ಕೂತ ಮೇಲೆ ಆ ತೂತು ಯಾರ ಕಣ್ಣಿಗೂ ಬೀಳಲಿಲ್ಲ, ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಮುಂದಿನ ವಾರ ಗೋಲ್ಡ್ ಫಿಶ್ ಬಂದವು, ಕರಿಯ ಮೋಲಿಗಳು ಬಂದವು. ನೀಲಿ ಫೈಟರ್ ಮುಂದಿನ ಪಡಸಾಲೆಯ ಬಟ್ಟಲಿಗೆ ಹೋಯಿತು. ತೋಟಪ್ಪ ಬದಲಾದ. ಬೆಳಗ್ಗೆ ಎದ್ದವನೇ ತೊಟ್ಟಿಯ ಮುಂದೆ ಕುರ್ಚಿ ಹಾಕುತ್ತಿದ್ದ. ಮೂಗು ಮುರಿದಿದ್ದ ಸಂಗಮ್ಮ ತಾನೇ ಕಾಳು ಹಾಕಿ, ಗಂಡನಿಗಿಂತ ಮೊದಲು ಮೀನುಗಳ ಜೊತೆ ಮಾತಾಡತೊಡಗಿದಳು.

ಮಳೆಗಾಲ ಜಿಟಿಜಿಟಿ ಹಿಡಿದ ಒಂದು ಬೆಳಗ್ಗೆ ತೋಟಪ್ಪ ಎದ್ದಾಗ ತಲೆ ಸಿಡಿಯುತ್ತಿತ್ತು. ಚಳಿಗೆಂದು ಕಿಟಕಿ ಮುಚ್ಚಿತ್ತು. ತೊಟ್ಟಿಯ ಕಡೆ ತಿರುಗಿದರೆ, ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಹಸಿದಿವೆಯೆಂದು ಕಾಳು ಹಾಕಿದ. ಒಂದೂ ಮುಟ್ಟಲಿಲ್ಲ. ನೆಗಡಿಗೆ ಮೂಗು ಕಟ್ಟಿದ್ದ ಸಂಗಮ್ಮ ಎದ್ದವಳೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ರಾತ್ರಿ ತಿಂದದ್ದು ಒಗ್ಗಿಲ್ಲವೆಂದು ಶುಂಠಿ ಕಷಾಯ ಕುಡಿದು ಮತ್ತೆ ಮಲಗಿದಳು. ಹಾಲೇಶ ವ್ಯಾಪಾರಕ್ಕೆಂದು ಹೊಸಪೇಟೆಗೆ ಹೊರಟಿದ್ದ, ತ್ರಿವೇಣಿ ಶಾಲೆಗೆ.

ನೀರು ಕೆಟ್ಟಿದೆ ಎಂದುಕೊಂಡ ತೋಟಪ್ಪ ಅರ್ಧ ನೀರು ತೆಗೆದು ಹೊಸದು ಹುಯ್ದ. ಮೀನುಗಳು ಇನ್ನೂ ಮೇಲಕ್ಕೆ ಬಂದವು. ಮೋಟಾರಿನ ಗಾಳಿಯನ್ನು ಜೋರು ಮಾಡಿದ. ದೊಡ್ಡ ಗೋಲ್ಡ್ ಫಿಶ್ ಮಗ್ಗುಲಾಗಿ ತೇಲಿತು. ಅದರ ಹಿಂದೆ ಒಂದು ಮೋಲಿ. ಹಾಸಿಗೆಯಿಂದ ಸಂಗಮ್ಮ, ಎದೆ ಹಿಡಿದಂಗಾಗೈತಿ ಎಂದಳು. ಅವಳ ದನಿ ಎಲ್ಲೋ ದೂರದಿಂದ ಬಂದಂತಿತ್ತು. ತೋಟಪ್ಪನಿಗೂ ಹೊಟ್ಟೆ ತೊಳಸುತ್ತಿತ್ತು. ಗೋಡೆ ಹಿಡಿದು ಮುಂದಿನ ಪಡಸಾಲೆಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತ.

ಕಣ್ಣೆದುರಿಗೆ ಬಟ್ಟಲಿತ್ತು. ನೀಲಿ ಫೈಟರ್ ರೆಕ್ಕೆ ಬಿಚ್ಚಿಕೊಂಡು ಸುತ್ತುತ್ತಿತ್ತು.

ಅವನು ಅದನ್ನೇ ನೋಡಿದ. ಎರಡಕ್ಕೂ ಅದೇ ಬೋರಿನ ನೀರು, ಅದೇ ಕಾಳು, ಹಾಕುವ ಕೈಯೂ ಅದೇ. ಹೊರಗಿನ ಗಾಳಿ ಕುಡಿದು ಕೂತ ಮೇಲೆ ಅವನ ತಲೆಯೂ ತುಸು ತಿಳಿಯಾಯಿತು. ಹಾಗಾದರೆ ಕೆಟ್ಟದ್ದು ನೀರಲ್ಲ. ತಾನು ಜೋರು ಮಾಡಿ ಬಂದ ಆ ಮೋಟಾರು ಎಳೆಯುತ್ತಿದ್ದದ್ದು ಕೋಣೆಯ ಗಾಳಿಯನ್ನು. ಅದೇ ಗಾಳಿಯಲ್ಲಿ ಸಂಗಮ್ಮ ಮಲಗಿದ್ದಾಳೆ. ತೊಟ್ಟಿಯ ಹಿಂದೆ ಗೋದಾಮಿನ ಕಡೆಗೆ ಹೊಡೆದ ತೂತು ನೆನಪಾಗಿ ಅವನು ಮಗನಿಗೆ ಫೋನು ಹಚ್ಚಿದ.

"ಗೋದಾಮಿನ್ಯಾಗ ಏನಾರ ಮಾಡಿಯೇನಲೇ?"

"ನಿನ್ನೆ ಸಂಜಿಗೆ ಗುಳಿಗಿ ಇಡ್ಸೀನ್ರಿ ಅಪ್ಪಾಜಿ. ನುಸಿ ಭಾಳ ಆಗಿತ್ತು. ನಿಮಗ್ಯಾಕ ತಲಿಬ್ಯಾನಿ ಅಂತ ಹೇಳ್ಲಿಲ್ಲ."

ಆ ಗುಳಿಗೆ ಎಂಥದೆಂದು ತೋಟಪ್ಪನಿಗೆ ಗೊತ್ತಿತ್ತು. ಅಕ್ಕಿ ಚೀಲಗಳ ಮಧ್ಯೆ ಇಟ್ಟು ತಾಡಪತ್ರಿ ಮುಚ್ಚಿದರೆ ತೇವಕ್ಕೆ ಅದು ಕಣ್ಣಿಗೆ ಕಾಣದ ವಿಷಗಾಳಿ ಬಿಟ್ಟು ಹುಳವನ್ನೆಲ್ಲ ಕೊಲ್ಲುತ್ತದೆ. ಅವನ ಕಾಲದಲ್ಲಿ ಆ ಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ, ಗೋಡೆಗೆ ತೂತೂ ಇರಲಿಲ್ಲ.

ಬಾಯಿಗೆ ಪಂಚೆ ಕಟ್ಟಿಕೊಂಡು ಒಳಗೆ ನುಗ್ಗಿದ. ಕಿಟಕಿ ತೆಗೆಯಲು ಹೋದರೆ ಮಳೆಗೆ ಉಬ್ಬಿದ ಕದ ಅಲುಗಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಮರೆತು ಸಂಗಮ್ಮನ ಎರಡೂ ರಟ್ಟೆಗೆ ಕೈ ಹಾಕಿ ಎಳೆದ. ಅವಳು ಕಣ್ಣು ಬಿಟ್ಟಳು, ಆದರೆ ಅವನ ಗುರುತು ಹತ್ತಲಿಲ್ಲ. ಪಡಸಾಲೆಯ ಹೊಸ್ತಿಲು ದಾಟಿಸುವ ಹೊತ್ತಿಗೆ ತ್ರಿವೇಣಿ ಮಧ್ಯಾಹ್ನದ ಊಟಕ್ಕೆ ಬಂದಳು. ಅತ್ತೆಯನ್ನು ಕಂಡು ಚೀಲ ಬಿಸಾಕಿ ಓಡಿ ಬಂದವಳನ್ನು ತೋಟಪ್ಪ ಒಂದೇ ಮಾತು ಕೇಳಿದ.

"ನನಗ ತಿಳಿಯಂಗಿಲ್ಲವ್ವ. ಆ ಖೋಲಿ ಕಡಿಂದ ಏನಾರ ವಾಸನಿ ಬರ್ತೈತೇನು ನೋಡು."

ಅವಳು ಬಾಗಿಲಿಗೆ ಹೋಗಿ ಮುಖ ಹಿಂದಕ್ಕೆ ಎಳೆದುಕೊಂಡಳು. "ಬೆಳ್ಳುಳ್ಳಿ ಕೊಳತಂಗ ಐತ್ರಿ ಮಾವಾ. ಹೊರಗ ನಡೀರಿ."

ಆಟೋದಲ್ಲಿ ಊರಿನ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹೊಸಪೇಟೆಗೆ ಹೋದರು. ಈ ವಿಷಕ್ಕೆ ಎದುರು ಮದ್ದಿಲ್ಲ, ಹೃದಯ ತಡೆದುಕೊಂಡರೆ ಉಳಿಯುತ್ತಾರೆ, ಕಾಯಬೇಕು ಎಂದರು ಅಲ್ಲಿಯ ಡಾಕ್ಟರು. ತೋಟಪ್ಪನನ್ನೂ ಮಲಗಿಸಿದರು. ಹಾಲೇಶ ಬಾಗಿಲಲ್ಲಿ ನಿಂತವನು ಒಳಗೆ ಬರಲಿಲ್ಲ. ಗದರಬೇಕೆಂದು ಅಪ್ಪ ಬಾಯಿ ತೆರೆದ. ತೂತು ಹೊಡೆಸಿದ್ದು ತಾನು ಎಂಬುದು ನೆನಪಾಗಿ, ಒಳಗೆ ಬಾ ಎಂದು ಕೈ ಮಾಡಿದ.

ಸಂಗಮ್ಮ ಉಳಿದಳು. ಆದರೆ ಮನೆಗೆ ಬಂದವಳು ಮೊದಲಿನ ಸಂಗಮ್ಮ ಅಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಹಿಂದಿನ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಸತ್ತ ಮೀನುಗಳನ್ನು ತ್ರಿವೇಣಿ ಹಿತ್ತಲಲ್ಲಿ ಹೂಳಿದ್ದಳು. ಮೇಸ್ತ್ರಿ ಬಂದು ತೂತು ಮುಚ್ಚಿ, ಗೋಡೆಗೆಲ್ಲ ಹೊಸ ಗಿಲಾವು ಮಾಡಿದ.

ಗಿಲಾವು ನೋಡುತ್ತ ನಿಂತಿದ್ದ ತೋಟಪ್ಪನಿಗೆ ಒಂದು ವಿಷಯ ಚುಚ್ಚಿತು. ಗೋದಾಮಿಗೆ ಇದೊಂದೇ ಗೋಡೆಯಲ್ಲವಲ್ಲ. ಆಚೆ ಗೋಡೆಗೆ ಒರಗಿಸಿ ತಗಡಿನ ಶೆಡ್ಡು ಹಾಕಿಕೊಂಡು ಗಿರಣಿಯ ಹಮಾಲ ಗಾದಿಲಿಂಗಪ್ಪನ ಸಂಸಾರ ಇತ್ತು. ಜಾಗ ಕೊಟ್ಟವನು ತೋಟಪ್ಪನೇ. ಎಷ್ಟೋ ವರ್ಷದ ಮಾತು. ಒಮ್ಮೆಯೂ ಅವನು ಆ ಕಡೆ ಹೋಗಿರಲಿಲ್ಲ.

ಅಂದು ಹೋದ. ಗಾದಿಲಿಂಗಪ್ಪ ಕೆಲಸದಲ್ಲಿದ್ದ. ಅವನ ಹೆಂಡತಿ ಎರ್ರೆಮ್ಮ ಗಾಬರಿಯಿಂದ ಎದ್ದು ನಿಂತಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಇಟ್ಟಿಗೆಯ ಸಂದುಗಳು ಬಾಯಿ ಬಿಟ್ಟಿದ್ದವು. ಆ ಸಂದುಗಳಿಗೆ ಸೀರೆಯ ಚಿಂದಿ ತುರುಕಿದ್ದರು. ಗುಳಿಗೆ ಇಟ್ಟಾಗ ನಿಮಗೇನಾದರೂ ಆಗುತ್ತಿತ್ತೇ ಎಂದು ತೋಟಪ್ಪ ಕೇಳಿದ. ಅವಳು ಒಮ್ಮೆ ಗೋಡೆ ನೋಡಿದಳು, ಒಮ್ಮೆ ಅವನನ್ನು.

"ವರ್ಸಾ ಆಗ್ತೈತ್ರಿ ಸಾವ್ಕಾರ್ರ. ತಲಿನೋವು, ವಾಂತಿ. ಹೋದ ವರ್ಸ ಕೋಳಿ ಎಲ್ಲಾ ಒಂದಾ ದಿನ ಸತ್ವು. ರೋಗ ಬಂದೈತಿ ಅಂದ್ರು. ಆವಾಗಿಂದ ನಾವಾ ಅರಿವಿ ತುರುಕ್ತೀವ್ರಿ."

ಯಾಕೆ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ಹೇಳಿದ್ದರೆ ತಾನೇನು ಮಾಡುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಸಾಮಾನು ಕಟ್ಟಿಕೊಳ್ಳಲು ಹೇಳಿದ. ಅವಳ ಮುಖ ಬಿಳಿಚಿಕೊಂಡಿತು, ಜಾಗ ಬಿಡಿಸುತ್ತಿದ್ದಾರೆ ಎಂದುಕೊಂಡಳು. ಬಿಡಿಸುತ್ತಿಲ್ಲ, ಮಹಡಿಯಲ್ಲಿ ನಮ್ಮ ಹಳೆಯ ಕೋಣೆ ಖಾಲಿ ಇದೆ, ಬೇರೆ ಕಡೆ ಮನೆ ಕಟ್ಟಿಸಿಕೊಡುವ ತನಕ ಅಲ್ಲಿರಿ ಎಂದು ಅವನು ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು. ಆದರೂ ಅವಳು ಗಂಡ ಬರುವವರೆಗೆ ಒಂದು ಪಾತ್ರೆಯನ್ನೂ ಮುಟ್ಟಲಿಲ್ಲ. ತೋಟಪ್ಪ ಅಲ್ಲೇ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ, ತುಂತುರು ಮಳೆಯಲ್ಲಿ, ಗಾದಿಲಿಂಗಪ್ಪ ಬರುವುದನ್ನು ಕಾಯುತ್ತ ಕೂತ.